ಹಸುಳೆಯ ಉಬ್ಬಸಕ್ಕೆ ಸ್ಪೇಸರ್ ಮತ್ತು ಬೇಬಿ ಮಾಸ್ಕ್: ಬಳಸಿ ನೋಡಿದ ಮೇಲೆ

ಔಷಧಿ ಅಂಗಡಿಯಲ್ಲಿ ಮಗುವಿಗೆ ಸ್ಪೇಸರ್, ಎಂದರೆ ಇನ್ಹೇಲರಿನ ಔಷಧಿಯನ್ನು ಮಗುವಿನ ಉಸಿರಿಗೆ ತಲುಪಿಸುವ ಸಾಧನ, ಬೇಕೆಂದು ಕೇಳಿದರೆ ಎರಡು ಪೆಟ್ಟಿಗೆಗಳನ್ನು ತೆಗೆದು ಮುಂದಿಡುತ್ತಾರೆ. ಒಂದರಲ್ಲಿ ಎರಡು ಭಾಗಗಳನ್ನು ಸಿಕ್ಕಿಸಿ ಕೂಡಿಸುವ, ಪಾರದರ್ಶಕ ಪ್ಲಾಸ್ಟಿಕ್ಕಿನ ಒಂದು ಕೊಳವೆಯಿರುತ್ತದೆ. ಇನ್ನೊಂದರಲ್ಲಿ ಹಸುಳೆಯ ಮೂಗು ಬಾಯಿ ಎರಡನ್ನೂ ಒಟ್ಟಿಗೆ ಮುಚ್ಚುವ ಮೆತ್ತನೆಯ ಮಾಸ್ಕು. ಕೊಳವೆಯ ಹಿಂದಿನ ರಂಧ್ರಕ್ಕೆ ಇನ್ಹೇಲರನ್ನು ಸಿಕ್ಕಿಸಿ, ಮುಂದಿನ ಬಾಯಿಗೆ ಮಾಸ್ಕನ್ನು ತೊಡಿಸಿದರೆ ಸಾಧನ ಸಿದ್ಧವಾಗುತ್ತದೆ. ವಿದ್ಯುತ್ ಬೇಡ, ಬ್ಯಾಟರಿ ಬೇಡ, ಸದ್ದೂ ಇಲ್ಲ. ಎರಡೂ ಸೇರಿ ನಮಗೆ ಆರುನೂರು ರೂಪಾಯಿಯೊಳಗೆ ಸಿಕ್ಕಿದವು. ಇಷ್ಟು ಅಗ್ಗದ, ನೋಡಲು ಇಷ್ಟು ಸಾಮಾನ್ಯವಾದ ವಸ್ತುವೊಂದರ ಬಗ್ಗೆ ದೀರ್ಘವಾಗಿ ಬರೆಯುವುದಕ್ಕೆ ಕಾರಣವಿದೆ. ಇದನ್ನು ಕೊಳ್ಳುವ ಹೆಚ್ಚಿನವರು ಒಂದೋ ಇದರಿಂದ ಆಗದ ಕೆಲಸವನ್ನು ನಿರೀಕ್ಷಿಸುತ್ತಾರೆ, ಇಲ್ಲವೇ ಆಗುವ ಕೆಲಸವನ್ನೂ ಸರಿಯಾಗಿ ಮಾಡಿಸಿಕೊಳ್ಳದೆ ಮೂಲೆಗಿಡುತ್ತಾರೆ. ಬ್ರ್ಯಾಂಡಿನ ಹೆಸರನ್ನು ಹೇಳುತ್ತಿಲ್ಲ, ಏಕೆಂದರೆ ಇಲ್ಲಿ ಬರುವ ಗುಣದೋಷಗಳಲ್ಲಿ ಬಹುಪಾಲು ಈ ಬಗೆಯ ಎಲ್ಲ ಸಾಧನಗಳಿಗೂ ಸಲ್ಲುತ್ತವೆ.

ಈ ಕೊಳವೆ ನಮ್ಮ ಮನೆಗೆ ಬಂದದ್ದು ಒಂದು ವೈರಸ್ಸಿನ ದೆಸೆಯಿಂದ. ಮಗಳು ಐದು ತಿಂಗಳ ಕೂಸಾಗಿದ್ದಾಗ, ಶಿವಮೊಗ್ಗದ ಮಳೆ ಇನ್ನೂ ಹಿಂದೆಗೆಯದ ದಿನಗಳಲ್ಲಿ, ಆರ್‌ಎಸ್‌ವಿ ಸೋಂಕಿನಿಂದ ಬ್ರಾಂಕಿಯೋಲೈಟಿಸ್, ಎಂದರೆ ಕಿರುಶ್ವಾಸನಾಳಗಳ ಉರಿಯೂತ, ಆಗಿ ಆಸ್ಪತ್ರೆ ಸೇರಿ, ಆಮ್ಲಜನಕ ಪಡೆದು, ಗುಣವಾಗಿ ಮನೆಗೆ ಬಂದಳು. ರೆಸ್ಪಿರೇಟರಿ ಸಿನ್ಸಿಷಿಯಲ್ ವೈರಸ್ ಎಂಬ ಉದ್ದ ಹೆಸರಿನ ಈ ರೋಗಾಣು 1956ರಲ್ಲಿ ಅಮೆರಿಕದ ಪ್ರಯೋಗಾಲಯವೊಂದರಲ್ಲಿ ನೆಗಡಿ ಹಿಡಿದಿದ್ದ ಚಿಂಪಾಂಜಿಗಳಲ್ಲಿ ಮೊದಲ ಬಾರಿಗೆ ಪತ್ತೆಯಾಯಿತು, ಸ್ವಲ್ಪ ಕಾಲದಲ್ಲೇ ಹಸುಳೆಗಳಲ್ಲಿಯೂ ಸಿಕ್ಕಿತು. ಎರಡು ವರ್ಷ ತುಂಬುವುದರೊಳಗೆ ಬಹುತೇಕ ಎಲ್ಲ ಮಕ್ಕಳಿಗೂ ಇದು ಒಮ್ಮೆಯಾದರೂ ತಗಲುತ್ತದೆ. ಹೆಚ್ಚಿನವರಲ್ಲಿ ಮೂಗು ಸೋರಿ, ನಾಲ್ಕು ದಿನ ಕೆಮ್ಮು ಬಂದು ಹೋಗುತ್ತದೆ. ಆದರೆ ಆರು ತಿಂಗಳೊಳಗಿನ ಕೂಸಿನ ಕಿರುಶ್ವಾಸನಾಳಗಳು ಎಷ್ಟು ಸಣ್ಣವೆಂದರೆ, ಒಳಪದರದ ಕೋಶಗಳು ಸತ್ತು ಉದುರಿ ಲೋಳೆಯೊಡನೆ ಬೆರೆತರೆ ನಾಳವೇ ಕಟ್ಟಿಹೋಗಬಲ್ಲದು. ನಾಳದ ತ್ರಿಜ್ಯ ಅರ್ಧಕ್ಕಿಳಿದಾಗ ಗಾಳಿಯ ಹರಿವಿಗೆ ಎದುರಾಗುವ ತಡೆ 16 ಪಟ್ಟು ಏರುತ್ತದೆ ಎಂಬ ಭೌತಶಾಸ್ತ್ರದ ಲೆಕ್ಕವನ್ನು ನೆನೆದರೆ, ದೊಡ್ಡವರಿಗೆ ಬರಿಯ ನೆಗಡಿಯಾಗಿ ಹೋಗುವುದು ಕೂಸಿನ ಪಕ್ಕೆಯನ್ನು ಏಕೆ ಆ ಪರಿ ಒಳಕ್ಕೆ ಸೆಳೆಯುತ್ತದೆ ಎಂಬುದು ತಿಳಿಯುತ್ತದೆ. 2019ರ ಒಂದು ವರ್ಷದಲ್ಲೇ ಜಗತ್ತಿನ ಐದು ವರ್ಷದೊಳಗಿನ ಸುಮಾರು 36 ಲಕ್ಷ ಮಕ್ಕಳು ಈ ಸೋಂಕಿನಿಂದ ಆಸ್ಪತ್ರೆ ಸೇರಿದರೆಂದೂ, ಸುಮಾರು ಒಂದು ಲಕ್ಷ ಮಕ್ಕಳು ತೀರಿಕೊಂಡರೆಂದೂ, ಆ ಸಾವುಗಳಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಸಂಭವಿಸಿದವೆಂದೂ ಅಂದಾಜಿದೆ.

ಇಲ್ಲಿ ಕೊಳ್ಳುವವರು ಗಮನಿಸಬೇಕಾದ ಮೊದಲ ಸಂಗತಿಯಿದೆ. ಬ್ರಾಂಕಿಯೋಲೈಟಿಸ್ ಮೊದಲ ಸಲ ಬಂದಾಗ, ಆ ಕಾಯಿಲೆಗೆಂದು, ಸ್ಪೇಸರ್ ಬೇಕಾಗುವುದೇ ಇಲ್ಲ. ಆಗ ನಾಳ ಕಟ್ಟಿರುವುದು ಮುಖ್ಯವಾಗಿ ಊತ, ಲೋಳೆ ಮತ್ತು ಉದುರಿದ ಕೋಶಗಳಿಂದ. ನಾಳದ ಸ್ನಾಯುವನ್ನು ಸಡಿಲಿಸುವ ಸಾಲ್ಬುಟಮಾಲ್ ಅದರ ಮೇಲೆ ಹೆಚ್ಚೇನೂ ಮಾಡಲಾರದು. ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ 2014ರ ಮಾರ್ಗದರ್ಶಿಯಲ್ಲಿ ಸಾಲ್ಬುಟಮಾಲ್, ಅಡ್ರಿನಲಿನ್, ಸ್ಟೀರಾಯ್ಡ್, ಎದೆ ತಟ್ಟುವ ಫಿಸಿಯೋಥೆರಪಿ ಇವೆಲ್ಲವನ್ನೂ ಬೇಡವೆಂದು ಹೇಳಿ, ಹಾಲು ಮತ್ತು ನೀರಿನಂಶ ಸರಿಯಾಗಿ ಹೋಗುವಂತೆ ನೋಡಿಕೊಳ್ಳುವುದು, ಅಗತ್ಯವಿದ್ದರೆ ಆಮ್ಲಜನಕ ಕೊಡುವುದು ಇಷ್ಟನ್ನೇ ಉಳಿಸಿಕೊಂಡಿತು. ನಮ್ಮ ಊರುಗಳಲ್ಲಿ ಎದೆ ಕಟ್ಟಿದ ಪ್ರತಿ ಕೂಸಿಗೂ ಔಷಧಿಯನ್ನು ಮಂಜಾಗಿಸಿ ಕೊಡುವ ನೆಬ್ಯುಲೈಸರ್ ಯಂತ್ರ ಹಿಡಿಸುವ ವಾಡಿಕೆಯಿದೆ. ಹೊಗೆಯಂತೆ ಏಳುವ ಆ ಮಂಜನ್ನು ಕಂಡರೆ ತಂದೆತಾಯಿಗೆ ಚಿಕಿತ್ಸೆ ನಡೆಯುತ್ತಿದೆಯೆಂಬ ಸಮಾಧಾನವೂ ಸಿಗುತ್ತದೆ. ನಮ್ಮ ವೈದ್ಯರು ಆ ಹೊತ್ತಿನಲ್ಲಿ ಮೂಗಿಗೆ ಉಪ್ಪುನೀರಿನ ಹನಿ, ಸ್ವಲ್ಪ ಸ್ವಲ್ಪವೇ ಪದೇ ಪದೇ ಎದೆಹಾಲು, ಆಮ್ಲಜನಕ ಇಷ್ಟರಲ್ಲೇ ನಿಲ್ಲಿಸಿದ್ದನ್ನು ಇಂದು ನೆನೆದರೆ ಗೌರವ ಮೂಡುತ್ತದೆ.

ಸ್ಪೇಸರಿನ ಪಾತ್ರ ಶುರುವಾದದ್ದು ಆಮೇಲೆ. ಕೆಮ್ಮು ಎರಡು ಮೂರು ವಾರ ಎಳೆಯುವುದು ಸಹಜವೆಂದು ಹೇಳಿ ಕಳಿಸಿದ್ದರು, ಹಾಗೆಯೇ ಎಳೆದು ನಿಂತಿತು. ಆದರೆ ಅದರ ನಂತರ ಬಂದ ಪ್ರತಿ ನೆಗಡಿಯೂ ಎರಡನೆಯ ದಿನಕ್ಕೆ ಎದೆಗಿಳಿದು, ಉಸಿರು ಬಿಡುವಾಗ ಸುಂಯ್ ಎನ್ನುವ ಸದ್ದಾಗಿ ಮಾರ್ಪಡತೊಡಗಿತು. ಇದು ನಮ್ಮ ಮಗುವಿಗೊಂದಕ್ಕೇ ಆದ ಸಂಗತಿಯಲ್ಲ. ಸ್ವೀಡನ್ನಿನ ಬೊರೋಸ್ ಎಂಬಲ್ಲಿ ಆರ್‌ಎಸ್‌ವಿ ಬ್ರಾಂಕಿಯೋಲೈಟಿಸ್‌ನಿಂದ ಆಸ್ಪತ್ರೆ ಸೇರಿದ್ದ 47 ಹಸುಳೆಗಳನ್ನು, ಹಾಗೆ ಸೇರದ ಸಮವಯಸ್ಕರೊಂದಿಗೆ ಹೋಲಿಸುತ್ತ 18 ವರ್ಷದವರೆಗೂ ಹಿಂಬಾಲಿಸಿದಾಗ, ಆ ವಯಸ್ಸಿನಲ್ಲಿ ಆಸ್ತಮಾ ಅಥವಾ ಮರುಕಳಿಸುವ ಉಬ್ಬಸ ಇದ್ದವರು ಮೊದಲ ಗುಂಪಿನಲ್ಲಿ ನೂರಕ್ಕೆ 39, ಎರಡನೆಯದರಲ್ಲಿ 9. ಇದನ್ನು ಓದಿದ ಯಾವ ತಾಯಿಗಾದರೂ ಎದೆ ಧಸಕ್ಕೆನ್ನುವುದು ಸಹಜ. ಆದರೆ ಅಮೆರಿಕದ ಟೂಸಾನ್ ನಗರದಲ್ಲಿ 1980ರಿಂದ ನಡೆದ ಅಧ್ಯಯನ ಬೇರೆ ಮಾತು ಹೇಳುತ್ತದೆ. ಅಲ್ಲಿ ಆಸ್ಪತ್ರೆ ಸೇರಿದವರನ್ನಷ್ಟೇ ಅಲ್ಲದೆ, ಮನೆಯಲ್ಲೇ ಗುಣವಾದ ಸೌಮ್ಯ ಸೋಂಕಿನ ಮಕ್ಕಳನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದರು. ಆರು ವರ್ಷದ ಹೊತ್ತಿಗೆ ಉಬ್ಬಸದ ಸಾಧ್ಯತೆ ಮೂರು ನಾಲ್ಕು ಪಟ್ಟು ಹೆಚ್ಚಿದ್ದರೂ, ವಯಸ್ಸು ಏರಿದಂತೆ ಆ ನಂಟು ಸಡಿಲಗೊಂಡು 13ನೇ ವರ್ಷಕ್ಕೆ ಗಣನೀಯವಾಗಿ ಉಳಿಯಲಿಲ್ಲ. ಅದೇ ಅಧ್ಯಯನದ ಮತ್ತೊಂದು ಲೆಕ್ಕದಂತೆ, ಮೊದಲ ಮೂರು ವರ್ಷಗಳಲ್ಲಿ ಉಬ್ಬಸ ಕಂಡ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಆರನೇ ವರ್ಷದ ಹೊತ್ತಿಗೆ ಅದು ನಿಂತುಹೋಗಿತ್ತು.

ವೈರಸ್ಸೇ ಶ್ವಾಸಕೋಶವನ್ನು ಕೆಡಿಸಿತೋ, ಅಥವಾ ಮೊದಲೇ ನಾಳಗಳು ಕಿರಿದಾಗಿದ್ದ, ಅಲರ್ಜಿಯ ಒಲವಿದ್ದ ಮಗುವನ್ನು ವೈರಸ್ ಬಯಲಿಗೆಳೆಯಿತೋ ಎಂಬ ಪ್ರಶ್ನೆ ಇನ್ನೂ ತೀರಿಲ್ಲ. ಡೆನ್ಮಾರ್ಕಿನ ಎಂಟು ಸಾವಿರಕ್ಕೂ ಹೆಚ್ಚು ಅವಳಿ ಜೋಡಿಗಳ ದಾಖಲೆಗಳನ್ನು ಪರಿಶೀಲಿಸಿದವರು, ತೀವ್ರ ಆರ್‌ಎಸ್‌ವಿ ಕಾಯಿಲೆಯು ಆಸ್ತಮಾಕ್ಕೆ ಕಾರಣ ಎನ್ನುವುದಕ್ಕಿಂತ ಹುಟ್ಟಿನಿಂದ ಬಂದ ಒಲವಿನ ಸೂಚನೆ ಎಂದರು. ಅಮೆರಿಕದ ವಿಸ್ಕಾನ್ಸಿನ್ನಿನಲ್ಲಿ ನಡೆದ ಕೋಸ್ಟ್ ಎಂಬ ಅಧ್ಯಯನದಲ್ಲಿ ಮೊದಲ ಮೂರು ವರ್ಷಗಳೊಳಗೆ ಮಾಮೂಲಿ ನೆಗಡಿಯ ರೈನೋವೈರಸ್‌ನಿಂದ ಉಬ್ಬಸ ಬಂದ ಮಕ್ಕಳಿಗೆ ಆರನೇ ವರ್ಷದಲ್ಲಿ ಆಸ್ತಮಾ ಇರುವ ಸಾಧ್ಯತೆ ಸುಮಾರು 10 ಪಟ್ಟು, ಆರ್‌ಎಸ್‌ವಿಯಿಂದ ಬಂದವರಿಗೆ ಎರಡೂವರೆ ಪಟ್ಟು ಹೆಚ್ಚಿತ್ತು. ಆದರೆ 2023ರಲ್ಲಿ ಪ್ರಕಟವಾದ ಅಮೆರಿಕದ ಟೆನೆಸಿಯ ಅಧ್ಯಯನವೊಂದು, ಮೊದಲ ವರ್ಷದಲ್ಲಿ ಆರ್‌ಎಸ್‌ವಿ ತಗಲದೆ ಉಳಿದ ಮಕ್ಕಳಿಗೆ ಐದನೇ ವರ್ಷದಲ್ಲಿ ಆಸ್ತಮಾ ಇರುವ ಅಪಾಯ ನೂರಕ್ಕೆ 26ರಷ್ಟು ಕಡಿಮೆ ಎಂದು ಕಂಡುಕೊಂಡು ತಕ್ಕಡಿಯನ್ನು ಮತ್ತೆ ವೈರಸ್ಸಿನ ಕಡೆಗೆ ತುಸು ವಾಲಿಸಿತು. ತಾಯಿಯಾದವಳಿಗೆ ಈ ವಾದದಿಂದ ದಕ್ಕುವುದು ಇಷ್ಟೇ: ಕೂಸಿನ ಉಬ್ಬಸವನ್ನು ಆಸ್ತಮಾ ಎಂದು ಈಗಲೇ ಹಣೆಪಟ್ಟಿ ಹಚ್ಚಬೇಕಿಲ್ಲ, ಹಾಗೆಂದು ಬಂದ ಉಬ್ಬಸಕ್ಕೆ ಔಷಧಿ ಕೊಡದೆ ಕೂರುವಂತೆಯೂ ಇಲ್ಲ. ನಮ್ಮ ವೈದ್ಯರು ಹೊರರೋಗಿ ವಿಭಾಗದಲ್ಲಿ ಒಮ್ಮೆ ಸಾಲ್ಬುಟಮಾಲ್ ಕೊಟ್ಟು, ಕಾಲು ಗಂಟೆ ಬಿಟ್ಟು ಮತ್ತೆ ಎದೆ ಆಲಿಸಿ, ಸದ್ದು ಇಳಿದಿದೆಯೆಂದು ಖಚಿತವಾದ ಮೇಲಷ್ಟೇ ಸ್ಪೇಸರ್ ಬರೆದುಕೊಟ್ಟರು. ಈ ಪರೀಕ್ಷೆಯಾಗದೆ ಸಾಧನವನ್ನು ಕೊಳ್ಳುವುದರಲ್ಲಿ ಅರ್ಥವಿಲ್ಲವೆಂಬುದು ನನ್ನ ಅಭಿಪ್ರಾಯ.

ಇನ್ನು ಸಾಧನದ ವಿಚಾರ. ಇನ್ಹೇಲರನ್ನು ಒತ್ತಿದಾಗ ಔಷಧಿ ಬಲು ವೇಗದಿಂದ ಚಿಮ್ಮುತ್ತದೆ. ಅದನ್ನು ನೇರವಾಗಿ ಬಾಯಿಗೆ ಹೊಡೆದರೆ ಬಹುಪಾಲು ಗಂಟಲ ಹಿಂಗೋಡೆಗೆ ಬಡಿದು ಹೊಟ್ಟೆಗೆ ಹೋಗುತ್ತದೆ. ಒತ್ತುವ ಕ್ಷಣಕ್ಕೇ ಉಸಿರೆಳೆಯಬೇಕೆಂದು ಕೂಸಿಗೆ ಹೇಳಿಕೊಡುವುದಂತೂ ಆಗದ ಮಾತು. ಸ್ಪೇಸರ್ ಆ ಚಿಮ್ಮುವಿಕೆಯನ್ನು ತನ್ನ ಹೊಟ್ಟೆಯೊಳಗೆ ತಡೆದು ನಿಧಾನಗೊಳಿಸುತ್ತದೆ. ದಪ್ಪ ಹನಿಗಳು ಗೋಡೆಗಂಟಿ ಅಲ್ಲೇ ಉಳಿಯುತ್ತವೆ, ಶ್ವಾಸಕೋಶದ ಆಳಕ್ಕೆ ಇಳಿಯಬಲ್ಲ ಐದು ಮೈಕ್ರಾನಿಗಿಂತ ಸಣ್ಣ ಕಣಗಳು ಕೆಲವು ಕ್ಷಣ ತೇಲುತ್ತಿರುತ್ತವೆ, ಮಗು ತನ್ನ ಪಾಡಿಗೆ ತಾನು ಉಸಿರಾಡುತ್ತ ಅವನ್ನು ಒಳಗೆಳೆದುಕೊಳ್ಳುತ್ತದೆ. ಏಳು ಕಿಲೋ ತೂಕದ ಕೂಸಿನ ಒಂದು ಉಸಿರಿಗೆ ಸುಮಾರು 50 ಮಿಲಿಲೀಟರ್ ಗಾಳಿ ಹಿಡಿಯುತ್ತದೆ. ಕೊಳವೆ ತೀರ ದೊಡ್ಡದಾದರೆ ಅದು ಖಾಲಿಯಾಗುವ ಮೊದಲೇ ಔಷಧಿ ಗೋಡೆಗೆ ಕೂತುಬಿಡುವುದರಿಂದ, ಹಸುಳೆಗೆ ದೊಡ್ಡವರ ಭಾರಿ ಗಾತ್ರದ ಸ್ಪೇಸರಿಗಿಂತ ಚಿಕ್ಕದೇ ಮೇಲು.

ನಮ್ಮ ಸ್ಪೇಸರಿನಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಮುಂಬದಿಯಲ್ಲಿರುವ ತೆಳುವಾದ ಕವಾಟ. ಉಗುರಿನಷ್ಟು ದೊಡ್ಡ, ಪೊರೆಯಂಥ ಆ ಬಿಲ್ಲೆ ಮಗು ಉಸಿರೆಳೆದಾಗ ತೆರೆದುಕೊಂಡು, ಬಿಟ್ಟಾಗ ಮುಚ್ಚಿಕೊಳ್ಳುತ್ತದೆ. ಬಿಟ್ಟ ಉಸಿರು ಕೊಳವೆಗೆ ಮರಳದೆ ಪಕ್ಕದ ಕಂಡಿಯಿಂದ ಹೊರಹೋಗುತ್ತದೆ. ಕೊಳವೆ ಪಾರದರ್ಶಕವಾದ್ದರಿಂದ ಕವಾಟ ಅಲ್ಲಾಡುವುದು ಕಣ್ಣಿಗೆ ಕಾಣುತ್ತದೆ, ಅದನ್ನು ನೋಡುತ್ತ ಉಸಿರು ಎಣಿಸಬಹುದು. ಮಾಸ್ಕು ಸರಿಯಾಗಿ ಕೂತಿಲ್ಲವೆಂದರೆ ಕವಾಟ ಅಲುಗುವುದಿಲ್ಲ. ಅಂದರೆ ಸಾಧನವೇ ತನ್ನ ತಪ್ಪನ್ನು ತೋರಿಸಿಕೊಡುತ್ತದೆ. ಕೆನ್ನೆಯ ಪಕ್ಕದಲ್ಲಿ ಒಂದು ಸಣ್ಣ ಸಂದು ಉಳಿದರೂ ಮಗು ಸುಲಭವಾದ ದಾರಿಯಿಂದಲೇ, ಎಂದರೆ ಆ ಸಂದಿನಿಂದಲೇ, ಗಾಳಿ ಎಳೆದುಕೊಳ್ಳುತ್ತದೆ, ಔಷಧಿ ಕೊಳವೆಯಲ್ಲೇ ಉಳಿಯುತ್ತದೆ. ಕವಾಟವಿಲ್ಲದ ಸ್ಪೇಸರುಗಳೂ ಅಂಗಡಿಯಲ್ಲಿವೆ, ಇನ್ನೂ ನೂರು ರೂಪಾಯಿ ಅಗ್ಗಕ್ಕೆ ಸಿಗುತ್ತವೆ. ಹಸುಳೆಗೆ ಅವನ್ನು ಕೊಳ್ಳಬಾರದು.

ನಾವು ಬಳಸುವ ಕ್ರಮ ವೈದ್ಯರು ತೋರಿಸಿಕೊಟ್ಟಂತೆ ಹೀಗಿದೆ. ಇನ್ಹೇಲರನ್ನು ಚೆನ್ನಾಗಿ ಅಲುಗಿಸಿ ಸಿಕ್ಕಿಸುವುದು, ಮಗುವನ್ನು ತೊಡೆಯ ಮೇಲೆ ತುಸು ನೆಟ್ಟಗೆ ಕೂರಿಸಿಕೊಂಡು ಬೆನ್ನನ್ನು ನಮ್ಮ ಎದೆಗೆ ಒರಗಿಸಿಕೊಳ್ಳುವುದು, ಮಾಸ್ಕನ್ನು ಮೊದಲು ಗಲ್ಲಕ್ಕೆ ಕೂರಿಸಿ ಆಮೇಲೆ ಮೂಗಿನ ಮೇಲಕ್ಕೆ ಮಡಚಿದಂತೆ ತರುವುದು, ಒಂದೇ ಒಂದು ಪಫ್ ಒತ್ತಿ ಐದಾರು ಉಸಿರು ಎಣಿಸುವುದು, ಮಾಸ್ಕು ತೆಗೆದು ಅರ್ಧ ನಿಮಿಷ ಬಿಟ್ಟು, ಮತ್ತೆ ಅಲುಗಿಸಿ ಮುಂದಿನ ಪಫ್. ಸಮಯ ಉಳಿಸಲೆಂದು ಎರಡು ಮೂರು ಪಫ್‌ಗಳನ್ನು ಒಟ್ಟಿಗೆ ಹೊಡೆಯುವವರನ್ನು ಕಂಡಿದ್ದೇನೆ. ಕಣಗಳು ಒಂದಕ್ಕೊಂದು ತಾಗಿ ದಪ್ಪವಾಗಿ ಗೋಡೆಗಂಟುವುದರಿಂದ ಅದರಲ್ಲಿ ಔಷಧಿ ನಷ್ಟವೇ ಹೆಚ್ಚು. ಅಳುವ ಮಗುವಿಗೆ ಕೊಟ್ಟರೆ ಆಳಕ್ಕೆ ಉಸಿರೆಳೆದುಕೊಂಡು ಚೆನ್ನಾಗಿ ಒಳಹೋಗುತ್ತದೆ ಎಂಬ ನಂಬಿಕೆಯೂ ವ್ಯಾಪಕವಾಗಿದೆ. ನಿಜ ಅದಕ್ಕೆ ವಿರುದ್ಧ. ಅಳುವಾಗ ಉಸಿರು ಬಿಡುವುದು ದೀರ್ಘ, ಎಳೆಯುವುದು ಗಕ್ಕನೆ ಒಂದು ಸೇದು. ಔಷಧಿ ಗಂಟಲಲ್ಲೇ ನಿಂತುಬಿಡುತ್ತದೆ. ನಿದ್ದೆಯಲ್ಲಿ ಕೊಡೋಣವೆಂದರೆ ಮಾಸ್ಕು ತಾಗಿದೊಡನೆ ಎಚ್ಚರಗೊಂಡು ಅಳುವ ಮಕ್ಕಳೇ ಹೆಚ್ಚು. ಬೇನೆಯಿಲ್ಲದ ದಿನಗಳಲ್ಲಿ ಬರಿಯ ಮಾಸ್ಕನ್ನು ಆಟಕ್ಕೆ ಕೊಟ್ಟು, ಅವಳು ಅದನ್ನು ಕಚ್ಚಿ, ನನ್ನ ಮೂಗಿಗೂ ಅವಳ ಅಜ್ಜನ ಮೂಗಿಗೂ ಇಟ್ಟು ನಕ್ಕು ರೂಢಿ ಮಾಡಿಕೊಂಡ ಮೇಲೆ ಈ ಸಮಸ್ಯೆ ಬಹಳ ಮಟ್ಟಿಗೆ ತಗ್ಗಿತು.

ನೆಬ್ಯುಲೈಸರಿಗಿಂತ ಇದು ಹೇಗೆ ಎಂದು ಕೇಳುವವರೇ ಹೆಚ್ಚು. ಯಂತ್ರದ ಬೆಲೆ ಎರಡು ಸಾವಿರದ ಆಸುಪಾಸು, ಸದ್ದು ಮಿಕ್ಸಿಯ ಹತ್ತಿರಕ್ಕೆ, ಒಂದು ಸಲಕ್ಕೆ ಎಂಟು ಹತ್ತು ನಿಮಿಷ, ಕರೆಂಟು ಹೋದರೆ ಅಲ್ಲಿಗೆ ಮುಗಿಯಿತು. ಸ್ಪೇಸರಿನಲ್ಲಿ ಎರಡು ಪಫ್ ಎರಡು ನಿಮಿಷದಲ್ಲಿ ಮುಗಿಯುತ್ತದೆ. ಮಕ್ಕಳಲ್ಲಿ ಎರಡನ್ನೂ ಹೋಲಿಸಿ ನಡೆದ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ, ಕೊಕ್ರೇನ್ ಎಂಬ ಸಂಸ್ಥೆಯ ವಿಮರ್ಶೆಯಲ್ಲಿ, ಪ್ರಾಣಾಪಾಯವಿಲ್ಲದ ಉಬ್ಬಸಕ್ಕೆ ಸ್ಪೇಸರ್ ಎಲ್ಲಿಯೂ ಹಿಂದೆ ಬೀಳಲಿಲ್ಲ. ಎದೆಬಡಿತ ಏರುವುದು, ಕೈನಡುಕ ಇವು ಸ್ಪೇಸರಿನಲ್ಲೇ ಕಡಿಮೆಯಿದ್ದವು. ಮಗು ಅಳುತ್ತದೆಂದು ನೆಬ್ಯುಲೈಸರಿನ ಮಾಸ್ಕನ್ನು ಮುಖದಿಂದ ನಾಲ್ಕು ಬೆರಳು ದೂರ ಹಿಡಿದು ಮಂಜು ತೋರಿಸುವ ಪದ್ಧತಿಯಿದೆಯಲ್ಲ, ಅದರಲ್ಲಿ ಔಷಧಿಯ ಬಹುಭಾಗ ಕೋಣೆಯ ಗಾಳಿಗೆ ಸಲ್ಲುತ್ತದೆ. ಆದರೂ ನೆಬ್ಯುಲೈಸರನ್ನು ಪೂರ್ತಿ ತಳ್ಳಿಹಾಕಲಾರೆ. ಆಮ್ಲಜನಕದ ಜೊತೆಗೇ ಔಷಧಿ ಕೊಡಬೇಕಾದ ತೀವ್ರ ಸ್ಥಿತಿಯಲ್ಲಿ ಅದು ಬೇಕು, ಅಂಥ ಸ್ಥಿತಿಯ ಜಾಗ ಆಸ್ಪತ್ರೆ. ಮನೆಗೆ ಯಂತ್ರ ಕೊಳ್ಳುವ ಹಣವನ್ನು ಉಳಿಸಿಕೊಳ್ಳಬಹುದೆಂದು ಧೈರ್ಯವಾಗಿ ಹೇಳುತ್ತೇನೆ.

ಮನೆಯೊಳಗಿನ ವಿರೋಧವನ್ನು ಎದುರಿಸುವುದು ಯಂತ್ರ ಆರಿಸುವುದಕ್ಕಿಂತ ಕಷ್ಟದ ಕೆಲಸ. "ಇಷ್ಟು ಸಣ್ಣ ಕೂಸಿಗೆ ಈಗಲೇ ಪಂಪು ಅಭ್ಯಾಸ ಮಾಡಿಸಬೇಡ ಮಾರಾಯ್ತಿ, ಆಮೇಲೆ ಬಿಡಿಸಲಿಕ್ಕೆ ಆಗುವುದಿಲ್ಲ" ಎಂದು ನಮ್ಮ ಅತ್ತೆಯವರು ಹೇಳಿದ್ದು ಮಮತೆಯಿಂದಲೇ. ಸಿರಪ್ಪಾದರೆ ಅವರಿಗೆ ಅಡ್ಡಿಯಿರಲಿಲ್ಲ. ಆದರೆ ಸಿರಪ್ಪಿನಲ್ಲಿ ಕೊಡುವ ಸಾಲ್ಬುಟಮಾಲ್ ಮಿಲಿಗ್ರಾಂ ಲೆಕ್ಕದ್ದು, ಹೊಟ್ಟೆಯಿಂದ ರಕ್ತಕ್ಕೆ ಸೇರಿ ಮೈಯೆಲ್ಲ ಸುತ್ತುತ್ತದೆ. ಇನ್ಹೇಲರಿನ ಒಂದು ಪಫ್‌ನಲ್ಲಿರುವುದು 100 ಮೈಕ್ರೋಗ್ರಾಂ, ಎಂದರೆ ಮಿಲಿಗ್ರಾಮಿನ ಹತ್ತನೇ ಒಂದು ಭಾಗ, ಅದೂ ಬೇಕಾದ ಜಾಗಕ್ಕೇ. ಸಿರಪ್ ಕುಡಿಸಿದ ರಾತ್ರಿ ಮಗು ಕೈಕಾಲು ನಡುಗಿಸುತ್ತ ನಿದ್ದೆಗೆಡುವುದನ್ನು ಕಂಡಿದ್ದ ಅತ್ತೆಯವರಿಗೆ ಈ ಲೆಕ್ಕ ಬೇಗನೆ ಒಪ್ಪಿಗೆಯಾಯಿತು. ಚಟ ಹತ್ತಿಸುವ ಗುಣ ಈ ಔಷಧಿಗಿಲ್ಲ. ಅವರ ದೊಡ್ಡಪತ್ರೆ ರಸಕ್ಕೆ ನನ್ನ ತಕರಾರೂ ಇರಲಿಲ್ಲ, ಆದರೆ ಎಣ್ಣೆನೀರು ಹಾಕಿದ ಮೇಲೆ ಕೂಸಿಗೆ ಹಿಡಿಯುವ ಸಾಂಬ್ರಾಣಿ ಹೊಗೆಯನ್ನು ನಿಲ್ಲಿಸಲೇಬೇಕಾಯಿತು. ಉಬ್ಬಸದ ಮಗುವಿಗೆ ಆ ಹೊಗೆ, ಸೊಳ್ಳೆ ಬತ್ತಿ, ಬೀಡಿ ಸಿಗರೇಟು, ಒಲೆಯ ಹೊಗೆ ಎಲ್ಲವೂ ಒಂದೇ. ಇವು ಮುಂದುವರಿದಿದ್ದರೆ ಯಾವ ಸ್ಪೇಸರ್ ಕೊಂಡರೂ ಅರ್ಧ ಕೆಲಸ ವ್ಯರ್ಥ.

ಈಗ ದೋಷಗಳು. ಪೆಟ್ಟಿಗೆಯೊಳಗಿನ ಸೂಚನಾ ಪತ್ರ ದೊಡ್ಡವರಿಗಾಗಿ ಬರೆದದ್ದು. ಆಳಕ್ಕೆ ಉಸಿರೆಳೆದು ಹತ್ತು ಸೆಕೆಂಡು ಬಿಗಿಹಿಡಿಯಿರಿ ಎಂದು ಅದರಲ್ಲಿದೆ. ಐದಾರು ತಿಂಗಳ ಕೂಸು ಇದನ್ನು ಹೇಗೆ ಪಾಲಿಸಬೇಕೋ ಆ ಕಂಪನಿಯೇ ಹೇಳಬೇಕು. ಬೇಬಿ ಮಾಸ್ಕಿನ ಪೆಟ್ಟಿಗೆಯಲ್ಲಂತೂ ಸೂಚನೆಯೇ ಇರಲಿಲ್ಲ, ಕನ್ನಡದ ಒಂದು ಸಾಲೂ ಎರಡರಲ್ಲೂ ಇಲ್ಲ. ಅಂಗಡಿಯವರು ತೋರಿಸಿಕೊಟ್ಟ ವಿಧಾನವೂ ತಪ್ಪಾಗಿತ್ತು. ಆಸ್ಪತ್ರೆಯ ನರ್ಸ್ ಒಬ್ಬರು ತಾಳ್ಮೆಯಿಂದ ಕೈಹಿಡಿದು ಕಲಿಸದಿದ್ದರೆ ಇದೂ ಕಪಾಟಿನ ಮೂಲೆ ಸೇರುತ್ತಿತ್ತು.

ಎರಡನೆಯ ದೋಷ ಪ್ಲಾಸ್ಟಿಕ್ಕಿನ ಸ್ಥಾಯಿ ವಿದ್ಯುತ್ತು. ಹೊಸ ಕೊಳವೆಯ ಒಳಗೋಡೆ ಔಷಧಿಯ ಸಣ್ಣ ಕಣಗಳನ್ನು ತನ್ನತ್ತ ಸೆಳೆದುಕೊಳ್ಳುತ್ತದೆ. ಪರಿಹಾರ ಸರಳವಾಗಿದೆ: ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವವನ್ನು ಒಂದೆರಡು ಹನಿ ಬೆರೆಸಿ, ಅದರಲ್ಲಿ ಕೊಳವೆಯನ್ನು ಅದ್ದಿ ತೆಗೆದು, ಒಳಗೆ ಬಟ್ಟೆ ತಾಗಿಸದೆ ನೆರಳಿನಲ್ಲಿ ತಾನಾಗಿ ಆರಲು ಬಿಡುವುದು. ಬಟ್ಟೆಯಿಂದ ಉಜ್ಜಿ ಒರೆಸಿದರೆ ಅದೇ ವಿದ್ಯುತ್ತು ಮತ್ತೆ ಹುಟ್ಟುತ್ತದೆ. ಕೊಂಡ ತಕ್ಷಣ, ಮೊದಲ ಬಳಕೆಗೆ ಮುನ್ನವೇ ಹೀಗೆ ಮಾಡಬೇಕು. ಮಾಸ್ಕನ್ನು ಮಾತ್ರ ಚೆನ್ನಾಗಿ ತೊಳೆದು ಒರೆಸಬಹುದು. ಮಳೆಗಾಲದಲ್ಲಿ ಕೊಳವೆ ಆರುವುದು ಮರುದಿನಕ್ಕೇ ಆದ್ದರಿಂದ, ಮಗು ಆರೋಗ್ಯವಾಗಿರುವ ವಾರದಲ್ಲೇ ಈ ಕೆಲಸ ಮುಗಿಸಿಟ್ಟುಕೊಳ್ಳುವುದು ಜಾಣತನ. ಕೊಳವೆಯ ಎರಡು ಭಾಗಗಳು ಕೂಡುವ ಕೀಲು ಕೆಲವು ತಿಂಗಳಲ್ಲಿ ಸಡಿಲವಾಗಿ, ಮಗು ಕೊಸರಾಡಿದಾಗ ಬಿಚ್ಚಿಕೊಳ್ಳುವುದುಂಟು. ಇದು ತಯಾರಿಕೆಯ ದೋಷವೇ ಸರಿ. ನಾವು ಕೊಂಡ ಇನ್ಹೇಲರಿನಲ್ಲಿ ಎಷ್ಟು ಪಫ್ ಉಳಿದಿವೆಯೆಂದು ತೋರಿಸುವ ಎಣಿಕೆಯೂ ಇಲ್ಲ. ಔಷಧಿ ಮುಗಿದ ಮೇಲೂ ಒತ್ತಿದರೆ ಅನಿಲ ಮಾತ್ರ ಚಿಮ್ಮುತ್ತಲೇ ಇರುವುದರಿಂದ, ಬಳಸಿದ್ದನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತ ಹೋಗುವುದೊಂದೇ ದಾರಿ.

ಆದರೆ ಈ ಸಾಧನದಿಂದ ಒದಗಬಹುದಾದ ನಿಜವಾದ ಅಪಾಯ ಇವಾವುದೂ ಅಲ್ಲ, ಅದು ಕೊಡುವ ಭರವಸೆ. ಕೈಯಲ್ಲಿ ಪಂಪು ಇದೆಯೆಂಬ ಧೈರ್ಯದಿಂದ ಆಸ್ಪತ್ರೆಗೆ ಹೋಗಬೇಕಾದ ಹೊತ್ತನ್ನು ಕಳೆದುಕೊಳ್ಳಬಾರದು. ಎರಡರಿಂದ ಹನ್ನೆರಡು ತಿಂಗಳ ಮಗು ಅಳದೆ ಸುಮ್ಮನಿರುವಾಗ ನಿಮಿಷಕ್ಕೆ 50 ಅಥವಾ ಹೆಚ್ಚು ಸಲ, ಒಂದು ವರ್ಷ ದಾಟಿದ ಮಗು 40 ಅಥವಾ ಹೆಚ್ಚು ಸಲ ಉಸಿರಾಡುತ್ತಿದ್ದರೆ ಅದು ವೇಗದ ಉಸಿರಾಟವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಳತೆ. ಎದೆಯ ಕೆಳಭಾಗ ಒಳಕ್ಕೆ ಸೆಳೆಯುವುದು, ಮಾಮೂಲಿನ ಅರ್ಧದಷ್ಟೂ ಹಾಲು ಕುಡಿಯದಿರುವುದು, ತುಟಿ ನೀಲಿಗಟ್ಟುವುದು, ಉಸಿರು ನಡುನಡುವೆ ನಿಲ್ಲುವುದು ಇವುಗಳಲ್ಲಿ ಒಂದು ಕಂಡರೂ ಪಫ್ ಎಣಿಸುತ್ತ ಕೂರಬಾರದು. ಇನ್ನೊಂದು ಬಗೆಯ ಮಕ್ಕಳಿಗಂತೂ ಸ್ಪೇಸರ್ ಹೆಚ್ಚು ಪ್ರಯೋಜನ ಕೊಡುವುದಿಲ್ಲ. ಅಡಿನೋವೈರಸ್ ಎಂಬ ಇನ್ನೊಂದು ವೈರಸ್ಸಿನ ನ್ಯುಮೋನಿಯಾ ತೀವ್ರವಾಗಿ ಬಂದು, ವೆಂಟಿಲೇಟರ್ ಹಂತಕ್ಕೆ ಹೋಗಿ ಬದುಕಿ ಬಂದ ಕೆಲವು ಮಕ್ಕಳಲ್ಲಿ ಕಿರುಶ್ವಾಸನಾಳಗಳು ಗಾಯದ ಕಲೆಯಿಂದ ಶಾಶ್ವತವಾಗಿ ಮುಚ್ಚಿಹೋಗುತ್ತವೆ; ಬ್ರಾಂಕಿಯೋಲೈಟಿಸ್ ಆಬ್ಲಿಟೆರನ್ಸ್ ಎಂದು ಅದಕ್ಕೆ ಹೆಸರು. 2023ರ ಆರಂಭದಲ್ಲಿ ಪಶ್ಚಿಮ ಬಂಗಾಳದಲ್ಲಿ ಅಡಿನೋವೈರಸ್ ಹಬ್ಬಿ ಮಕ್ಕಳ ವಾರ್ಡುಗಳು ತುಂಬಿದ ಸುದ್ದಿ ಹಲವರಿಗೆ ನೆನಪಿರಬಹುದು. ನೆಗಡಿಯ ದಿನಗಳಲ್ಲಷ್ಟೇ ಅಲ್ಲದೆ ಎಲ್ಲ ದಿನವೂ ಉಬ್ಬಸ, ತಿಂಗಳು ಕಳೆದರೂ ನಿಲ್ಲದ ಕಫದ ಕೆಮ್ಮು, ಏರದ ತೂಕ ಇವಿದ್ದರೆ ಮಕ್ಕಳ ಶ್ವಾಸಕೋಶ ತಜ್ಞರನ್ನು ಕಾಣಬೇಕು, ಸಿಟಿ ಸ್ಕ್ಯಾನ್ ಬೇಕಾಗಬಹುದು.

ನಾಳದ ಊತ ಇಳಿಸುವ ಸ್ಟೀರಾಯ್ಡ್ ಇನ್ಹೇಲರನ್ನು ದಿನವೂ ಇದೇ ಸ್ಪೇಸರಿನಲ್ಲಿ ಕೊಟ್ಟರೆ ಮುಂದೆ ಆಸ್ತಮಾ ಬರುವುದನ್ನೇ ತಪ್ಪಿಸಬಹುದೇ ಎಂದು ನಾನೂ ಕೇಳಿದ್ದೆ. ತಪ್ಪಿಸಲಾಗದು. ಆಸ್ತಮಾದ ಅಪಾಯ ಹೆಚ್ಚಿದ್ದ 285 ಮಕ್ಕಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾತ್ರ ಎರಡು ಮೂರನೇ ವಯಸ್ಸಿನಿಂದ ಸತತ ಎರಡು ವರ್ಷ ಕೊಟ್ಟು ನೋಡಿದ ಅಮೆರಿಕದ ಪ್ರಯೋಗದ ಫಲಿತಾಂಶ 2006ರಲ್ಲಿ ಹೊರಬಂತು: ಕೊಡುವಷ್ಟು ಕಾಲ ತೊಂದರೆ ಕಡಿಮೆಯಿತ್ತು, ನಿಲ್ಲಿಸಿದ ಮೇಲೆ ಎರಡೂ ಗುಂಪುಗಳ ನಡುವೆ ವ್ಯತ್ಯಾಸ ಉಳಿಯಲಿಲ್ಲ. ಆರ್‌ಎಸ್‌ವಿ ಬ್ರಾಂಕಿಯೋಲೈಟಿಸ್ ಆದ ಸಾವಿರದಷ್ಟು ಮಕ್ಕಳಲ್ಲಿ ಮಾಂಟೆಲುಕಾಸ್ಟ್ ಎಂಬ ಆಸ್ತಮಾ ಔಷಧಿಯನ್ನು ಪರೀಕ್ಷಿಸಿ ನೋಡಿದ ಪ್ರಯೋಗದಲ್ಲೂ ನಂತರದ ತೊಂದರೆಗಳು ತಗ್ಗಲಿಲ್ಲ. ಪದೇ ಪದೇ ತೀವ್ರ ಉಬ್ಬಸ ಬರುವ ಮಗುವಿಗೆ ವೈದ್ಯರು ಸ್ಟೀರಾಯ್ಡ್ ಇನ್ಹೇಲರ್ ಬರೆದರೆ ಹಿಂಜರಿಯದೆ ಕೊಡಬೇಕು, ಕೊಟ್ಟ ಮೇಲೆ ಮಾಸ್ಕು ತಾಗಿದ ಮುಖವನ್ನು ಒದ್ದೆ ಬಟ್ಟೆಯಿಂದ ಒರೆಸಿ ಒಂದೆರಡು ಗುಟುಕು ಕುಡಿಸಬೇಕು. ಅದು ಇಂದಿನ ಉಬ್ಬಸವನ್ನು ಹಿಡಿತದಲ್ಲಿಡುವ ಔಷಧಿ, ನಾಳೆಯದಕ್ಕೆ ಜಾಮೀನಲ್ಲ.

ನಾಳೆಯದಕ್ಕೆ ಏನಾದರೂ ಮಾಡಬಹುದಾದರೆ ಅದು ಸೋಂಕನ್ನೇ ತಡೆಯುವುದು. ನೆದರ್ಲೆಂಡ್ಸಿನಲ್ಲಿ ಅವಧಿಗೆ ಕೆಲವು ವಾರ ಮೊದಲೇ ಹುಟ್ಟಿದ 429 ಹಸುಳೆಗಳ ಪ್ರಯೋಗವೊಂದರಲ್ಲಿ ಪಾಲಿವಿಝುಮ್ಯಾಬ್ ಎಂಬ ಪ್ರತಿಕಾಯದ ಚುಚ್ಚುಮದ್ದು ಮೊದಲ ವರ್ಷದ ಉಬ್ಬಸದ ದಿನಗಳನ್ನು ನೂರಕ್ಕೆ 61ರಷ್ಟು ಇಳಿಸಿತು. ಆದರೆ ಆರನೇ ವರ್ಷದಲ್ಲಿ ಶ್ವಾಸಕೋಶದ ಸಾಮರ್ಥ್ಯ ಅಳೆದಾಗ ಎರಡೂ ಗುಂಪುಗಳು ಸಮವಾಗಿದ್ದವು. ಅದನ್ನು ತಿಂಗಳಿಗೊಮ್ಮೆ ಕೊಡಬೇಕಿತ್ತು. ಒಂದೇ ಸಲ ಕೊಟ್ಟರೆ ಒಂದು ಋತುವಿಡೀ ಕಾಯುವ ನಿರ್ಸೆವಿಮ್ಯಾಬ್‌ಗೆ 2022ರಲ್ಲಿ ಯುರೋಪಿನಲ್ಲೂ 2023ರಲ್ಲಿ ಅಮೆರಿಕದಲ್ಲೂ ಒಪ್ಪಿಗೆ ಸಿಕ್ಕಿತು. ಆರ್‌ಎಸ್‌ವಿಯಿಂದ ಆಸ್ಪತ್ರೆ ಸೇರುವುದನ್ನು ಅದು ನೂರಕ್ಕೆ 80ಕ್ಕೂ ಹೆಚ್ಚು ಇಳಿಸಿದ್ದು ಬ್ರಿಟನ್, ಫ್ರಾನ್ಸ್ ಮತ್ತು ಜರ್ಮನಿಯಲ್ಲಿ ನಡೆದ ಪ್ರಯೋಗದಲ್ಲಿ ಕಂಡುಬಂತು. ಗರ್ಭಿಣಿಗೆ ಕೊಟ್ಟು ಮಗುವನ್ನು ಕಾಯುವ ಲಸಿಕೆಯೂ 2023ರಲ್ಲೇ ಬಂತು. ನಮ್ಮ ಸರ್ಕಾರದ ಉಚಿತ ಲಸಿಕೆಗಳ ಪಟ್ಟಿಯಲ್ಲಿ ಇವಾವುದಕ್ಕೂ ಇನ್ನೂ ಜಾಗ ಸಿಕ್ಕಿಲ್ಲ. ಎರಡನೇ ಮಗುವಿನ ಯೋಚನೆಯಲ್ಲಿರುವವರು, ಅವಧಿಗೆ ಮುನ್ನ ಹುಟ್ಟಿದ ಅಥವಾ ಹೃದಯದ ತೊಂದರೆಯಿರುವ ಹಸುಳೆಯ ತಂದೆತಾಯಿ ತಮ್ಮ ವೈದ್ಯರಲ್ಲಿ ಈ ವಿಷಯ ಎತ್ತುವುದು ಒಳ್ಳೆಯದು. ನೆಗಡಿಯಾದವರು ಕೂಸಿನ ಕೆನ್ನೆಗೆ ಮುತ್ತಿಡದಂತೆ ನೋಡಿಕೊಳ್ಳುವುದಕ್ಕೆ ಯಾವ ವೈದ್ಯರ ಚೀಟಿಯೂ ಬೇಡ, ಆದರೆ ನಾಮಕರಣಕ್ಕೆ ಬಂದ ನೆಂಟರಿಗೆ ಇದನ್ನು ಹೇಳುವ ನಿಷ್ಠುರತೆ ಬೇಕು.

ಐದರಲ್ಲಿ ಅಂಕ ಕೊಡುವುದಾದರೆ ಸ್ಪೇಸರಿಗೆ ನಾಲ್ಕು, ಸೂಚನಾ ಪತ್ರಕ್ಕೆ ಸೊನ್ನೆ. ಕೊಳ್ಳುವಾಗ ಕವಾಟವಿರುವುದನ್ನೇ ಕೇಳಿ ಪಡೆಯಬೇಕು, ಪೆಟ್ಟಿಗೆ ಬಿಚ್ಚಿಸಿ ಕವಾಟ ಸರಾಗವಾಗಿ ಅಲುಗುತ್ತದೆಯೇ ಎಂದು ನೋಡಬೇಕು. ಅದು ಬಿರಿದರೆ ಅಥವಾ ಗಟ್ಟಿಯಾದರೆ ಕೊಳವೆಯನ್ನೇ ಬದಲಿಸಬೇಕು. ವರ್ಷ ತುಂಬುವ ಹೊತ್ತಿಗೆ ಬೇಬಿ ಮಾಸ್ಕು ಚಿಕ್ಕದಾಗಿ ಮೂಗಿನ ಮೇಲೆ ಒತ್ತತೊಡಗುತ್ತದೆ, ಆಗ ಮುಂದಿನ ಅಳತೆಯದು ಬೇಕಾಗುತ್ತದೆ. ನಾಲ್ಕೈದು ವರ್ಷದ ಮಗುವಾದರೆ ಮಾಸ್ಕು ಬಿಟ್ಟು ನೇರವಾಗಿ ಬಾಯಿಯಿಂದಲೇ ಎಳೆದುಕೊಳ್ಳುವುದನ್ನು ಕಲಿಸಬಹುದು. ಮಾಸ್ಕುಗಳು ಬಿಡಿಯಾಗಿಯೂ ಸಿಗುತ್ತವೆ, ಆದರೆ ಒಂದು ಕಂಪನಿಯದು ಇನ್ನೊಂದರ ಕೊಳವೆಗೆ ಕೂರದಿರಬಹುದು. ಆದ್ದರಿಂದ ಹಳೆಯ ಸ್ಪೇಸರನ್ನು ಜೊತೆಗೆ ಒಯ್ದು ಅಂಗಡಿಯಲ್ಲೇ ಜೋಡಿಸಿ ನೋಡಿ ಕೊಳ್ಳುವುದು ಮೇಲು.